ಪದ ಬೇಕಿತ್ತು: ‘ಗ್ರೋಸ್ ಇನ್‌ಡೀಸೆನ್ಸಿ’ಗೆ ಕನ್ನಡದಲ್ಲಿ ಏನು? (ತುರ್ತು)

ಸು. ಕೆ.:
ಬಲ್ಲವರಿಗೆ ನಮಸ್ಕಾರ. ಐರಿಷ್ ಲೇಖಕ ಆಸ್ಕರ್ ವೈಲ್ಡ್‌ನ 1895ರ ಮೊಕದ್ದಮೆಯ ಬಗೆಗಿನ ಲೇಖನದ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಆರೋಪದ ಹೆಸರು ‘ಗ್ರೋಸ್ ಇನ್‌ಡೀಸೆನ್ಸಿ’. ಸಂಪಾದಕರು ಅದನ್ನು ‘ಸಲಿಂಗಕಾಮದ ಆರೋಪ’ ಎಂದು ತಿದ್ದಿದ್ದಾರೆ. ಇರಲಿ ಎನ್ನಬಹುದೇ? ‘ಹಾರ್ಡ್ ಲೇಬರ್’ಗೂ ಒಂದು ಪದ ಕೊಡಿ.

ಗ. ಭ.:
ಬೇಡ. ವೈಲ್ಡ್ ಮೇಲೆ ಆರೋಪ ಹೊರಿಸಿದ್ದು ಬ್ರಿಟನ್ನಿನ 1885ರ ಕಾಯ್ದೆಯ 11ನೇ ಕಲಮಿನಡಿ, ಅದರಲ್ಲಿ ಅಂಥ ಪದವೇ ಇಲ್ಲ. ಲಬೂಶೇರ್ ಎಂಬ ಸಂಸದ ಕೊನೆಗಳಿಗೆಯಲ್ಲಿ ತುರುಕಿದ ತಿದ್ದುಪಡಿ ಅದು. ಗಂಡಸು ಗಂಡಸಿನೊಡನೆ ಬಹಿರಂಗವಾಗಿಯಾಗಲಿ ಖಾಸಗಿಯಾಗಿಯಾಗಲಿ ‘ಗ್ರೋಸ್ ಇನ್‌ಡೀಸೆನ್ಸಿ’ ನಡೆಸಿದರೆ ಎರಡು ವರ್ಷದವರೆಗೆ ಸಜೆ. ಹಾಗೆಂದರೇನು ಎಂದು ಕಾಯ್ದೆ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಆ ಮಸುಕೇ ಅದರ ಬಲ.

ಹಳೆಯ ಅಪರಾಧ ‘ಬಗರಿ’, ಅಂದರೆ ಮುಖ್ಯವಾಗಿ ಗುದಸಂಭೋಗ. 1533ರಿಂದ ಅದಕ್ಕೆ ಮರಣದಂಡನೆ ಇತ್ತು. ಕೊನೆಯ ಬಾರಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬರುವ ಎರಡು ವರ್ಷ ಮೊದಲು. 1861ರಲ್ಲಿ ಅದನ್ನು ಹತ್ತು ವರ್ಷದಿಂದ ಜೀವಾವಧಿವರೆಗಿನ ಸಜೆಗೆ ಇಳಿಸಿದರು. ಆದರೆ ಅಲ್ಲಿ ಗುದಸಂಭೋಗ ನಡೆದದ್ದನ್ನೇ ರುಜುವಾತು ಮಾಡಬೇಕಿತ್ತು, ಸಾಕ್ಷಿ ಸಿಗುವುದು ಕಷ್ಟ. 11ನೇ ಕಲಮಿಗೆ ಆ ತಾಪತ್ರಯವಿಲ್ಲ. ಒಬ್ಬ ಬಾಯಿಬಿಟ್ಟರೆ, ಒಂದಿಷ್ಟು ಪತ್ರ ಸಿಕ್ಕರೆ ಕೇಸು ನಿಲ್ಲುತ್ತಿತ್ತು. ಅದಕ್ಕೇ ಅದನ್ನು ಬ್ಲ್ಯಾಕ್‌ಮೇಲ್ ಮಾಡುವವರ ಸನದು ಎಂದು ಜನ ಆಡಿಕೊಂಡರು. ಹಾಗಾಗಿ ‘ಸಂಭೋಗ’ ಸೇರಿದ ಯಾವ ಪದವನ್ನೂ ಇಲ್ಲಿ ಹಾಕಬೇಡಿ.

‘ಘೋರ ಅಸಭ್ಯ ವರ್ತನೆ’ ಎನ್ನಿ. ‘ಅಶ್ಲೀಲ’ ಪುಸ್ತಕ, ಚಿತ್ರಗಳಿಗೆ ಮೀಸಲು. ‘ಅನುಚಿತ ವರ್ತನೆ’ ತೀರಾ ಸಪ್ಪೆ, ಕಂಡಕ್ಟರ್ ಜತೆ ಜಗಳವಾಡಿದರೂ ಪೇಪರಿನವರು ಅದನ್ನೇ ಬರೆಯುತ್ತಾರೆ. ‘ಹಾರ್ಡ್ ಲೇಬರ್’ಗೆ ಕಠಿಣ ಸಜೆ.

ವೆಂ. ಶಾ.:
ಭಟ್ಟರು ಮೂಲಕ್ಕೇ ಹೋಗಲಿಲ್ಲ. ‘ಸಲಿಂಗಕಾಮ’ವೇ ಸಂದಿಗ್ಧ ಪದ. ಸಗೋತ್ರ, ಸವರ್ಣಗಳಲ್ಲಿ ‘ಸ’ ಎಂದರೆ ಸಮಾನ. ಸಕುಟುಂಬ, ಸಪತ್ನೀಕದಲ್ಲಿ ‘ಸಹಿತ’. ‘ಸಲಿಂಗ’ವನ್ನು ಲಿಂಗಸಹಿತ ಎಂದು ಓದಿದರೆ ಏನು ಗತಿ? ‘ಸಮಲಿಂಗರತಿ’ ಎಂಬುದೇ ಶುದ್ಧ.

ಗ. ಭ.:
ಸಹಿತ ಎಂದು ಓದುವವರು ಇಲ್ಲ. ಮುಂದೆ.

ನಾ. ಹೆ.:
ಸಂಸ್ಕೃತದಿಂದ ಸಂಸ್ಕೃತಕ್ಕೇ ಹಾರಿದರೆ ಕನ್ನಡ ಬರುವುದು ಯಾವಾಗ? ‘ಗಂಡೊಲವು’ ಎನ್ನಿ. ಆರೋಪಕ್ಕೆ ‘ಕಡುಗೇಡಿನ ನಡತೆ’.

ಮಾ. ದೇ.:
ಹೆಗಡೆಯವರೇ, ಹೆಣ್ಣು ಗಂಡಿಗೆ ಒಲಿದರೂ ಅದು ಗಂಡೊಲವೇ ಆಗುತ್ತದಲ್ಲ. ‘ಕಡುಗೇಡು’ ಕೇಳಿದರೆ ಪ್ರವಾಹ ಬಂದಂತಿದೆ.

ಭಟ್ಟರ ಮಾತಿಗೆ ಒಂದು ಸೇರಿಕೆ: ‘ಸಲಿಂಗಕಾಮ’ದೊಳಗೆ ಹೆಂಗಸರೂ ಬರುತ್ತಾರೆ, 11ನೇ ಕಲಮಿನಲ್ಲಿ ಅವರಿಲ್ಲ. ಹೆಂಗಸರಲ್ಲೂ ಇದು ಇದೆಯೆಂದು ರಾಣಿ ವಿಕ್ಟೋರಿಯಾ ನಂಬಲೊಪ್ಪದ್ದರಿಂದ ಅವರನ್ನು ಬಿಟ್ಟರು ಎನ್ನುವುದು ಕಟ್ಟುಕತೆ, ಲೇಖನದಲ್ಲಿದ್ದರೆ ಕಿತ್ತುಹಾಕಿ. ಅವರನ್ನು ಸೇರಿಸುವ ಯತ್ನ ನಡೆದದ್ದು 1921ರಲ್ಲಿ, ಅದೂ ಬಿದ್ದುಹೋಯಿತು.

ವೈಲ್ಡ್‌ನ ಗೆಳೆಯನ ತಂದೆ ಕ್ವೀನ್ಸ್‌ಬರಿ ವೈಲ್ಡ್‌ನನ್ನು ಹಳಿದು ಬರೆದ ಚೀಟಿ ಬಂದಾಗ ಇನ್ನೂ ಹುಷಾರು. ಅದರಲ್ಲಿರುವುದು ‘ಪೋಸಿಂಗ್’, ಕಾಗುಣಿತವೂ ತಪ್ಪು: ‘ಸೊಡೊಮೈಟ್’ (ಗುದಮೈಥುನಿ) ಎನ್ನುವ ಬದಲು ‘ಸೋಮ್ಡೊಮೈಟ್’. ‘ಗುದಮೈಥುನಿ ವೈಲ್ಡ್’ ಎಂದರೆ ಎರಡೂ ಕಳೆದುಹೋಗುತ್ತವೆ. ಆ ಚೀಟಿಯ ಮೇಲೆ ವೈಲ್ಡ್ ಹೂಡಿದ ಮಾನನಷ್ಟದ ಕೇಸಿನಲ್ಲಿ ಕ್ವೀನ್ಸ್‌ಬರಿಯ ವಕೀಲರಿಗೆ ಆ ‘ಪೋಸಿಂಗ್’ ಬಹಳ ಅನುಕೂಲವಾಯಿತು: ಕೃತ್ಯ ನಡೆದಿದೆ ಎಂದು ತೋರಿಸಬೇಕಿಲ್ಲ, ಹಾಗೆ ತೋರಿಸಿಕೊಳ್ಳುತ್ತಿದ್ದ ಎಂದರೆ ಸಾಕು. ‘ಸೊದೋಮಿಯಂತೆ ತೋರಿಸಿಕೊಳ್ಳುವ’ ಎಂದು ಬರೆಯಿರಿ. ಆ ಪದ ಹುಟ್ಟಿದ್ದು ಬೈಬಲಿನ ಊರಿನ ಹೆಸರಿನಿಂದ, ಕನ್ನಡ ಬೈಬಲಿನಲ್ಲಿ ಆ ಊರು ‘ಸೊದೋಮ್’ ಎಂದೇ ಇದೆ. ತಪ್ಪು ಕಾಗುಣಿತವನ್ನು ‘ಸೊಮ್ದೋಮಿ’ ಎಂದು ಉಳಿಸಿಕೊಳ್ಳಬಹುದು.

ವೆಂ. ಶಾ.:
‘ಸೊದೋಮಿ’ ಅನ್ಯದೇಶ್ಯ. ಇದಕ್ಕೆ ಒಪ್ಪಿದರೆ ಭಾಷೆ ಉಳಿದೀತೆ?

ಗ. ಭ.:
ಶಾಸ್ತ್ರಿಗಳೇ, ಈ ಚರ್ಚೆಯಲ್ಲಿ ಬಂದ ಸಜೆ ಪಾರಸಿ, ಕಾಯ್ದೆ ಅರಬಿ, ವಕೀಲ ಅರಬಿ. ಇವನ್ನೆಲ್ಲ ಹೊರಗಟ್ಟಿ ಲೇಖನ ಬರೆದು ಕಳಿಸಿ, ಓದುತ್ತೇವೆ. ‘ಹೋಮೋಸೆಕ್ಷುಯಲ್’ ಕೂಡ ಗ್ರೀಕಿನ ತಲೆಗೆ ಲ್ಯಾಟಿನ್ ಮುಂಡ ಅಂಟಿಸಿದ್ದು, ನಿಮ್ಮ ಲೆಕ್ಕದಲ್ಲಿ ಶುದ್ಧ ಅರಿಸಮಾಸ. ಹಂಗೇರಿಯ ಲೇಖಕ ಕೆರ್ಟ್‌ಬೆನಿ ಆ ಪದವನ್ನು 1869ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿಸಿದ. ಇಂಗ್ಲಿಷಿಗೆ ಬಂದದ್ದು 1890ರ ದಶಕದಲ್ಲಿ, ವೈದ್ಯರ ಪುಸ್ತಕಗಳ ಮೂಲಕ. ಲೈಂಗಿಕತೆಯ ಬಗ್ಗೆ ಬರೆದ ಇಂಗ್ಲಿಷ್ ವೈದ್ಯ ಹ್ಯಾವ್‌ಲಾಕ್ ಎಲಿಸ್ ಈ ಬೆರಕೆಯನ್ನು ಬೈದುಕೊಂಡೇ ಬಳಸಿದ. 1895ರಲ್ಲಿ ಅದು ಬೀದಿಯ ಮಾತಾಗಿರಲಿಲ್ಲ, ಸಂಪಾದಕರ ತಿದ್ದುಪಡಿ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ನಾ. ಹೆ.:
ಬೆರಕೆ ಅವರಿಗೆ ಸರಿಯಾದರೆ ನಮಗೂ ಸರಿಯೇ? ಇದು ಗುಲಾಮಗಿರಿ.

ಮಾ. ದೇ.:
‘ಗುಲಾಮ’ ಅರಬಿ, ‘ಗಿರಿ’ ಪಾರಸಿ.

ಸು. ಕೆ.:
ಎಲ್ಲರಿಗೂ ವಂದನೆ. ಹೀಗೆ ಹಾಕುತ್ತಿದ್ದೇನೆ: “1885ರ ಕಾಯ್ದೆಯ 11ನೇ ಕಲಮಿನಡಿ, ಗಂಡಸರೊಡನೆ ಘೋರ ಅಸಭ್ಯ ವರ್ತನೆಯ ಆರೋಪ ಸಾಬೀತಾಗಿ, 1895ರ ಮೇ 25ರಂದು ವೈಲ್ಡ್‌ಗೆ ಎರಡು ವರ್ಷ ಕಠಿಣ ಸಜೆಯಾಯಿತು.” ಲೇಖನದ ಕೊನೆಯಲ್ಲಿ 2024ರವರೆಗೆ ಜಾರಿಯಲ್ಲಿದ್ದ ನಮ್ಮ ಹಳೆಯ ದಂಡಸಂಹಿತೆಯ 377ನೇ ಕಲಮಿನ ಪ್ರಸ್ತಾಪವಿದೆ. ಅಲ್ಲೂ ಇದೇ ಪದ ನಡೆಯುತ್ತದೆಯೇ?

ಗ. ಭ.:
ನಡೆಯದು. 377 ಬಂದದ್ದು 1860ರಲ್ಲಿ, ಲಬೂಶೇರನಿಗಿಂತ 25 ವರ್ಷ ಮೊದಲು, ‘ಬಗರಿ’ಯ ಸಾಲಿನಿಂದ. ಅಲ್ಲಿದ್ದದ್ದು ‘ನಿಸರ್ಗದ ವ್ಯವಸ್ಥೆಗೆ ವಿರುದ್ಧವಾದ ಸಂಭೋಗ’. ಅಲ್ಲಿ ಸಂಭೋಗ ಬೇಕೇ ಬೇಕಿತ್ತು.

ವೆಂ. ಶಾ.:
‘ನಿಸರ್ಗ’ ಅಲ್ಲ, ‘ಪ್ರಕೃತಿ’.