ಪದಚರ್ಚೆ: ‘ಕ್ರಿಟಿಕಲ್’ ಸಂಪರ್ಕ ಅಂದರೆ ಗಂಭೀರವೋ, ಬಿಡಬಾರದ್ದೋ?

ಎಲ್ಲರಿಗೂ ನಮಸ್ಕಾರ,

ನೆಟ್‌ವರ್ಕ್‌ನಿಂದ ಬೂಟ್ ಆಗುವ ಕಂಪ್ಯೂಟರ್‌ಗಳ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ.

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಅನ್ನು ಒಂದು ಕಡತದಲ್ಲಿ ಬರೆದಿಡಲು ಬಳಸುವ ನೆಟ್‌ಪ್ಲ್ಯಾನ್‌ನಲ್ಲಿ ‘ಕ್ರಿಟಿಕಲ್’ ಅನ್ನುವ ಆಯ್ಕೆ ಇದೆ. ಕಡತದಲ್ಲಿ ಆ ಪದ ಹಾಗೇ ಇರಬೇಕು, ಅದರಲ್ಲಿ ತಕರಾರಿಲ್ಲ. ಪಕ್ಕದ ವಿವರಣೆಯಲ್ಲಿ ಏನು ಬರೆಯೋದು? ಈಗಿನ ಕರಡಿನಲ್ಲಿ ‘ಗಂಭೀರ ಸಂಪರ್ಕ’ ಅಂತಿದೆ. ರೋಗಿಯ ಸ್ಥಿತಿ ಗಂಭೀರ ಅಂತೀವಲ್ಲ, ಆ ಅರ್ಥವೇ ಮೊದಲು ಹೊಳೆಯುತ್ತದೆ. ಸಂಪರ್ಕಕ್ಕೆ ಏನೋ ಆಗಿದೆ, ಇನ್ನೇನು ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೇಳಬೇಕಾದ್ದು ಹೆಚ್ಚುಕಮ್ಮಿ ಅದರ ಉಲ್ಟಾ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಪದ ಅದರಿಂದಲೇ ಹುಟ್ಟಬೇಕು. ಡಿಸ್ಕ್ ಇಲ್ಲದ ಯಂತ್ರ ಶುರುವಾದಾಗ ಮೊದಲು ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಮೂಲಕ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ತನ್ನದೊಂದು ಸಂಖ್ಯೆ, ಕೇಳುತ್ತದೆ. ಆಮೇಲೆ ಸಾಮಾನ್ಯವಾಗಿ ಟಿಎಫ್‌ಟಿಪಿ ಅನ್ನುವ ಸರಳ ಕಡತ-ಸಾಗಣೆ ವಿಧಾನದಿಂದ ಬೂಟ್‌ಲೋಡರ್ (ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ತರಿಸಿಕೊಳ್ಳುತ್ತದೆ, ಅದರ ಹಿಂದೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರುತ್ತದೆ. ಕೊನೆಗೆ ಎನ್‌ಎಫ್‌ಎಸ್ ಅಥವಾ ಐಸ್ಕಸಿ (iSCSI) ಮೂಲಕ, ಅಂದರೆ ದೂರದ ಸಂಗ್ರಹವನ್ನು ನೆಟ್‌ವರ್ಕ್ ಮೇಲೆ ಬಳಸುವ ವಿಧಾನಗಳಿಂದ, ರೂಟ್ ಕಡತವ್ಯವಸ್ಥೆ (ಇಡೀ ಸಿಸ್ಟಮ್‌ನ ಮೂಲ ಕಡತಗಳು) ಸಿಗುತ್ತದೆ. ಅಂದರೆ ಅದರ ಡಿಸ್ಕ್ ಇರೋದೇ ತಂತಿಯ ಆ ತುದಿಯಲ್ಲಿ.

ಈಗ ಯಾರೋ ಸಣ್ಣ ಬದಲಾವಣೆ ಮಾಡಿ ಸೆಟ್ಟಿಂಗ್ಸ್ ಮತ್ತೆ ಅನ್ವಯಿಸುತ್ತಾರೆ. ಮಾಮೂಲಿ ಕಂಪ್ಯೂಟರಿನಲ್ಲಿ ಹಳೆಯ ವಿಳಾಸ ಬಿಟ್ಟು ಹೊಸದಾಗಿ ಕೇಳಿದರೆ ಒಂದೆರಡು ಸೆಕೆಂಡ್ ತಡವರಿಸಬಹುದು, ಅಷ್ಟೇ. ಇಲ್ಲಿ ವಿಳಾಸ ಬಿಟ್ಟ ಕ್ಷಣ ಡಿಸ್ಕೂ ಕೈತಪ್ಪುತ್ತದೆ. ಹೊಸ ವಿಳಾಸ ಕೇಳಬೇಕಾದ ಪ್ರೋಗ್ರಾಂನ ಯಾವುದೋ ತುಣುಕು ಮೆಮೊರಿಯಲ್ಲಿ ಇಲ್ಲದಿದ್ದರೆ ಅದನ್ನು ಓದಬೇಕಾದ್ದು ಅದೇ ಡಿಸ್ಕ್‌ನಿಂದ! ಕೂತ ಕೊಂಬೆಯನ್ನೇ ಕಡಿದ ಹಾಗೆ. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ ಆಗಿದ್ದರೆ (ಉತ್ತರ ಬರುವವರೆಗೂ ಬಿಡದೆ ಕೇಳುತ್ತಲೇ ಇರುವ ಹಾಗೆ ಜೋಡಿಸಿದ್ದರೆ) ತಪ್ಪು ಅಂತಲೂ ಹೇಳುವುದಿಲ್ಲ. ‘ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ’ ಅನ್ನುವ ಅರ್ಥದ ಸಾಲೊಂದನ್ನು ಪರದೆಗೆ ಹಾಕಿ ಸುಮ್ನೆ ಕಾಯುತ್ತಾ ಇರುತ್ತದೆ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ನೆಟ್‌ವರ್ಕ್ ಮೂಲಕ) ಒಳಗಿದ್ದವರಿಗೆ ಆ ಸಾಲೂ ಕಾಣುವುದಿಲ್ಲ. ಕರ್ಸರ್ ಅಲ್ಲಾಡುವುದಿಲ್ಲ, ಅಷ್ಟೇ.

‘ಕ್ರಿಟಿಕಲ್’ ಅಂತ ಗುರುತು ಹಾಕಿದರೆ, ನೆಟ್‌ವರ್ಕ್ ನೋಡಿಕೊಳ್ಳುವ ಸೇವೆ ಮರುಶುರುವಾದರೂ ಪಡೆದ ಐಪಿಯನ್ನು ಬಿಟ್ಟುಕೊಡದಂತೆ ನೋಡಿಕೊಳ್ಳುತ್ತದೆ. ಇಂಥ ಸೇವೆಗಳು ಎರಡಿವೆ: ನೆಟ್‌ವರ್ಕ್‌ಮ್ಯಾನೇಜರ್ ಈ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ತೆಗೆದುಕೊಳ್ಳುತ್ತದೆ. ನೆಟ್‌ವರ್ಕ್‌ಡಿಯಲ್ಲಿ ಮೊದಲು ಇದರ ಹೆಸರು ‘ಕ್ರಿಟಿಕಲ್‌ಕನೆಕ್ಷನ್’ ಅಂತಲೇ ಇತ್ತು. 2019ರ 243ನೇ ಆವೃತ್ತಿಯಲ್ಲಿ ಅದರ ಜಾಗಕ್ಕೆ ‘ಕೀಪ್‌ಕಾನ್ಫಿಗರೇಶನ್’ ಬಂತು. ನನಗೆ ಈ ಎರಡನೇ ಹೆಸರೇ ಇಷ್ಟ. ಸಂಪರ್ಕವನ್ನು ಬಣ್ಣಿಸುತ್ತಾ ಕೂರದೆ, ಏನು ಮಾಡಬೇಕೋ ಅದನ್ನು ಹೇಳುತ್ತದೆ: ಇದ್ದದ್ದನ್ನು ಇಟ್ಟುಕೋ.

ಹಾಗಾದರೆ ಕನ್ನಡದಲ್ಲಿ? ‘ನಿರ್ಣಾಯಕ’ ಬೇಡ, ಇಲ್ಲಿ ಯಾರೂ ಏನನ್ನೂ ನಿರ್ಣಯಿಸುತ್ತಿಲ್ಲ. ‘ಅತ್ಯಗತ್ಯ’ ಪರವಾಗಿಲ್ಲ ಅನ್ನಿಸಿತ್ತು, ಆದರೆ ಅದೂ ಸಡಿಲ. ವೆಬ್ ಸರ್ವರಿಗೂ ನೆಟ್‌ವರ್ಕ್ ಅತ್ಯಗತ್ಯವೇ ಅಲ್ವಾ? ಆದರೂ ಅದರ ಡಿಸ್ಕ್ ಅದರ ಹೊಟ್ಟೆಯಲ್ಲೇ ಇದ್ದರೆ ಈ ಗುರುತು ಇಲ್ಲದೆಯೂ ನಡೆಯುತ್ತದೆ. ‘ಕಡಿಯಬಾರದ ಸಂಪರ್ಕ’ ಅಂತ ಒಬ್ಬರು ಸೂಚಿಸಿದರು. ಕಿವಿಗೆ ಚೆನ್ನಾಗಿದೆ, ಆದರೆ ಜಾಸ್ತಿ ಭರವಸೆ ಕೊಡುತ್ತದೆ. ಕೇಬಲ್ ಕಿತ್ತರೆ, ಸ್ವಿಚ್ ಆರಿದರೆ ಸಂಪರ್ಕ ಕಡಿದೇ ಹೋಗುತ್ತದೆ, ಈ ಆಯ್ಕೆ ಅದನ್ನು ತಡೆಯುವುದಿಲ್ಲ. ಕಡಿಯೋದು ಹೊರಗಿನಿಂದ ಆಗುವಂಥದ್ದು. ಬಿಡೋದು ನಾವೇ ಮಾಡುವಂಥದ್ದು. ಇಲ್ಲಿ ತಡೆಯುತ್ತಿರುವುದು ಎರಡನೆಯದನ್ನು. ಅದಕ್ಕೇ ನನ್ನ ಓಟು ‘ಬಿಡಬಾರದ ಸಂಪರ್ಕ’ಕ್ಕೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ಪದ ‘ಲೀಸ್’. ಡಿಎಚ್‌ಸಿಪಿ ವಿಳಾಸ ಕೊಡುವುದು ಒಂದು ಅವಧಿಗೆ ಮಾತ್ರ. ಮಾಮೂಲಾಗಿ ಅರ್ಧ ಅವಧಿ ಕಳೆದಾಗ ಯಂತ್ರ ಅದನ್ನು ನವೀಕರಿಸಲು ಕೇಳುತ್ತದೆ. ಪೂರ್ತಿ ಮುಗಿದರೆ ಬಿಡಲೇಬೇಕು ಅನ್ನುತ್ತದೆ ಡಿಎಚ್‌ಸಿಪಿಯ ನಿಯಮಗಳಿರುವ ದಾಖಲೆ, 1997ರ ಆರ್‌ಎಫ್‌ಸಿ 2131. ‘ಕೀಪ್‌ಕಾನ್ಫಿಗರೇಶನ್’ಗೆ ‘ಡಿಎಚ್‌ಸಿಪಿ’ ಅಂತ ಮೌಲ್ಯ ಕೊಟ್ಟರೆ ಅವಧಿ ಮುಗಿದರೂ ವಿಳಾಸ ಬಿಡುವುದಿಲ್ಲ. ಇದು ನಿಯಮಕ್ಕೆ ವಿರುದ್ಧ, ಆದರೆ ರೂಟ್ ಕಡತವ್ಯವಸ್ಥೆ ಈ ಸಂಪರ್ಕವನ್ನೇ ನಂಬಿದ್ದರೆ ಇದೇ ಒಳ್ಳೆಯ ದಾರಿಯಾಗಬಹುದು ಅಂತ ನೆಟ್‌ವರ್ಕ್‌ಡಿಯ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಒಂದು ತೊಡಕಿದೆ: ಸರ್ವರ್ ಅದೇ ವಿಳಾಸವನ್ನು ಬೇರೆ ಯಂತ್ರಕ್ಕೆ ಕೊಟ್ಟುಬಿಡಬಹುದು. ಹಾಗಾಗಬಾರದು ಅಂದರೆ ಸರ್ವರಿನಲ್ಲಿ ಆ ಯಂತ್ರದ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆಗೆ) ಒಂದು ಐಪಿ ಮೀಸಲಿಡುವುದು ಒಳ್ಳೆಯದು.

ಇದನ್ನೆಲ್ಲ ಬರೆಯುವಾಗ ಲೀಸ್‌ಗೆ ‘ಗುತ್ತಿಗೆ’ ಅನ್ನಲೇ? ಗುತ್ತಿಗೆ ಅಂದರೆ ಕಾಂಟ್ರಾಕ್ಟು ನೆನಪಾಗುತ್ತದೆ. ‘ಭೋಗ್ಯ’ಕ್ಕೆ ಅಡಮಾನದ ವಾಸನೆ. ‘ವಾಯಿದೆ’ ಹಳೆಯ ಪದವಾದರೂ ಗಡುವಿನ ಅರ್ಥ ನೇರವಾಗಿ ಬರುತ್ತದೆ. ‘ವಾಯಿದೆ ಮುಗಿದರೂ ವಿಳಾಸ ಬಿಡುವುದಿಲ್ಲ’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ‘ಅಪ್ಲೈ’ಗೆ ‘ಅನ್ವಯಿಸು’ ಆಗಲೇ ಬಳಕೆಯಲ್ಲಿದೆ, ಅದನ್ನು ಕೆದಕುವುದಿಲ್ಲ.

ಕೈಪಿಡಿಗೆ ಹಾಕಬೇಕೆಂದಿರುವ ಸಾಲು ಇದು: ‘ಇದು ಬಿಡಬಾರದ ಸಂಪರ್ಕ, ಸೆಟ್ಟಿಂಗ್ಸ್ ಮತ್ತೆ ಅನ್ವಯಿಸಿದಾಗಲೂ ಪಡೆದ ವಿಳಾಸವನ್ನು ಉಳಿಸಿಕೊಳ್ಳಬೇಕು.’ ಇಂಥ ಯಂತ್ರಗಳನ್ನು ದಿನಾ ನೋಡಿಕೊಳ್ಳುವವರು ಇಲ್ಲಿದ್ದರೆ, ನಿಮ್ಮ ನಿಮ್ಮಲ್ಲಿ ಮಾತಾಡುವಾಗ ಇದಕ್ಕೆ ಏನನ್ನುತ್ತೀರಿ? ‘ಕ್ರಿಟಿಕಲ್ ಮಾಡಿಡಿ’ ಅಂತಲೇ ಅನ್ನುವುದಾದರೆ ಅದನ್ನೂ ಹೇಳಿ.