ಅಪ್‌ಡೇಟ್: ಕಾರ್ಯಕ್ರಮದ ಖರ್ಚು, ತೆರಿಗೆ ಲೆಕ್ಕ ಕೊನೆಗೂ ಮುಗಿಯಿತು

ಪಿಟೀಲು ನುಡಿಸಿ ಗಳಿಸಿದ್ದರಲ್ಲಿ ಯಾವ ಖರ್ಚು ಕಳೆದು ತೆರಿಗೆ ಲೆಕ್ಕ ಹಾಕಬಹುದು ಅಂತ ಹೋದ ವಾರ ಇಲ್ಲಿ ಕೇಳಿದ್ದೆನಲ್ಲ, ತೆರಿಗೆ ರಿಟರ್ನ್ ಸಲ್ಲಿಸಿ ಆಯಿತು. ಬಂದ ಉತ್ತರಗಳಲ್ಲಿ ಕೈಹಿಡಿದದ್ದು ‘ಪ್ರತಿ ಕಾರ್ಯಕ್ರಮಕ್ಕೂ ಒಂದು ಲಕೋಟೆ ಇಡಿ’ ಅನ್ನುವ ಸಲಹೆ. ಸಂಭಾವನೆ ಚೀಟಿ, ಟಿಕೆಟ್, ಬಿಲ್ಲು ಎಲ್ಲ ಅದರಲ್ಲೇ.

ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು ಅಂದವರ ಮಾತು ನಡೆಯಲಿಲ್ಲ. ಹಣ ಹೋದದ್ದು ಅದರಲ್ಲಿ ಕಾಣುತ್ತದೆ, ಯಾಕೆ ಹೋಯಿತು ಅಂತ ಕಾಣಲ್ಲ, ಅಲ್ವಾ?

ಅಚ್ಚರಿ ಆದದ್ದು ಬಟ್ಟೆಯ ವಿಷಯದಲ್ಲಿ. ನಾಟಕದ ವೇಷದ ಖರ್ಚನ್ನು ಆಡಿಟರ್ ಒಪ್ಪಿದರು. ಕಪ್ಪು ಸೂಟನ್ನು ಮಾತ್ರ ತೆಗೆದುಹಾಕಿದರು, ಹೊರಗೂ ಹಾಕಬಹುದಂತೆ. ವೇದಿಕೆ ಬಿಟ್ಟು ಎಲ್ಲೂ ಹಾಕಿಲ್ಲ ಅಂದರೂ ಕೇಳಲಿಲ್ಲ!

ಹೊಸ ಪಿಟೀಲಿನ ಬೆಲೆಯನ್ನು ಸವಕಳಿ (ಬಳಸುತ್ತ ಬಳಸುತ್ತ ಬೆಲೆ ಇಳಿಯುವುದು) ಅಂತ ಹಲವು ವರ್ಷಕ್ಕೆ ಹಂಚಿದರು. ತಂತಿ, ರಿಪೇರಿ ಖರ್ಚು ಪೂರ್ತಿ ಈ ವರ್ಷಕ್ಕೇ ಸೇರಿತು.