ಮಳೆಗಾಲದಲ್ಲಿ ಗ್ರಿಲ್ ಇದ್ದಿಲು ಥಂಡಿ ಹಿಡಿಯದ ಹಾಗೆ ಎಲ್ಲಿ ಇಡ್ತೀರಿ?

ತುಂಗೆಯಾಚೆ (ತೀರ್ಥಹಳ್ಳಿ)

ನಮ್ಮ ಮನೆ ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ಅಂಚಿಗೆ. ಬೇಸಿಗೆಯಲ್ಲಿ ತಮ್ಮ ಬೆಂಗಳೂರಿಂದ ಬರುವಾಗ ತೆಂಗಿನ ಚಿಪ್ಪಿನ ಇದ್ದಿಲು ಬ್ರಿಕೆಟ್ ಎರಡು ಪೆಟ್ಟಿಗೆ ತಂದಿದ್ದ. ಒಂದನ್ನು ಆಗಲೇ ಬಳಸಿದೆವು, ಕೆಂಡ ಬಹಳ ಚೆನ್ನಾಗಿ ಬಂತು. ಇನ್ನೊಂದು ಪೆಟ್ಟಿಗೆ ಸೌದೆ ಕೊಟ್ಟಿಗೆಯಲ್ಲಿತ್ತು. ಅಲ್ಲಿ ಸೋರುವುದಿಲ್ಲ, ಪೆಟ್ಟಿಗೆ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಆದರೂ ಮೊನ್ನೆ ಹಚ್ಚಿದರೆ ಬರೀ ಹೊಗೆ. ತಳದಲ್ಲಿದ್ದ ಕೆಲವು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತವೆ. ಸೋರದ ಜಾಗದಲ್ಲೂ ಯಾಕೆ ಹೀಗಾಯಿತು? ಇದನ್ನು ಒಣಗಿಸಿ ಬಳಸಬಹುದಾ? ಆಗಸ್ಟ್‌ನಲ್ಲಿ ನೆಂಟರು ಬರುವವರಿದ್ದಾರೆ.

ಸಾಗರದ ಕಡೆಯವ

ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕಿ ಅಣ್ಣ. ಮಳೆಗಾಲಕ್ಕೆ ಅದಕ್ಕಿಂತ ಬೆಚ್ಚಗಿನ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ನಮ್ಮಲ್ಲಿ ಬೀಜದ ಸೌತೆಕಾಯಿಯಿಂದ ಹಿಡಿದು ಬುಟ್ಟಿ ತನಕ ಎಲ್ಲ ಅಲ್ಲೇ.

ನಗರದ ಅಕ್ಕ (ಹೊಸನಗರ ತಾಲ್ಲೂಕು)

ಅಟ್ಟದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಸೋರದ ಕೊಟ್ಟಿಗೆಯ ವಿಷಯ. ನಾವು ಹೋಮ್‌ಸ್ಟೇ ನಡೆಸುತ್ತೇವೆ, ಹುಲಿಕಲ್ ಘಾಟಿ ನಮಗೆ ಹತ್ತಿರ. ಮಳೆ ನೋಡಲೆಂದೇ ಬರುವವರು ಜಾಸ್ತಿ, ಅವರಿಗೆ ಸಂಜೆ ಕೆಂಡದ ಮೇಲೆ ಸುಟ್ಟ ಕೋಳಿ ಬೇಕೇ ಬೇಕು. ಹಾಗಾಗಿ ಇದ್ದಿಲು ಒಣಗಿರುವುದು ನನಗೆ ಅಕ್ಕಿ ಒಣಗಿರುವಷ್ಟೇ ಮುಖ್ಯ.

ಇದ್ದಿಲಿಗೆ ನೀರು ಬೀಳಲೇಬೇಕಂತಿಲ್ಲ. ಗೂಡಿನಿಂದ ಆಗಷ್ಟೇ ತೆಗೆದ ಇದ್ದಿಲಿನಲ್ಲಿ ತೇವ ಶೇ. 1ಕ್ಕಿಂತ ಕಡಿಮೆ ಇರುತ್ತದೆ. ಸುಮ್ನೆ ಗಾಳಿಗೆ ಬಿಟ್ಟರೆ ಸಾಕು, ಅದು ಬೇಗನೆ ಶೇ. 5ರಿಂದ 10ಕ್ಕೆ ಏರುತ್ತದೆ. ಒಳಗೆಲ್ಲ ಸಣ್ಣ ಸಣ್ಣ ತೂತು, ಆ ತೂತುಗಳೇ ಗಾಳಿಯ ತೇವ ಹೀರುತ್ತವೆ. ನಮ್ಮ ಆರಿದ್ರೆ, ಪುನರ್ವಸು ಮಳೆಯಲ್ಲಿ ಗಾಳಿಯೇ ಒದ್ದೆ ಅಲ್ವಾ? ಅದರ ಮೇಲೆ ನಿಮ್ಮದು ರಟ್ಟಿನ ಪೆಟ್ಟಿಗೆ. ನೆಲದ ಥಂಡಿಯನ್ನು ರಟ್ಟೇ ಎಳೆದು ತಳದವಕ್ಕೆ ಕೊಟ್ಟಿದೆ.

ಮರದ ಇದ್ದಿಲಾದರೆ ಒದ್ದೆಯಾದರೂ ಆಕಾರ ಬಿಡುವುದಿಲ್ಲ, ಒಣಗಿಸಿದರೆ ಮತ್ತೆ ಉರಿಯುತ್ತದೆ. ಬ್ರಿಕೆಟ್ ಅಂದರೆ ಇದ್ದಿಲಿನ ಪುಡಿಗೆ ಸಾಮಾನ್ಯವಾಗಿ ಗಂಜಿಯಂಥ ಅಂಟು ಕಲಸಿ ಅಚ್ಚಿನಲ್ಲಿ ಒತ್ತಿದ್ದು. ಆ ಅಂಟು ತೇವ ಕುಡಿದು ಉಬ್ಬಿತೋ, ಉಂಡೆ ಬಿರುಕು ಬಿಡುತ್ತದೆ. ಆಮೇಲೆ ಒಣಗಿಸಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ.

ನಾನು ಮಾಡುವುದು ಹೀಗೆ. ಮೇ ಮುಗಿಯುವ ಮೊದಲೇ, ಅಂಗಳದಲ್ಲಿ ಒಳ್ಳೆ ಬಿಸಿಲಿರುವ ದಿನ ಬ್ರಿಕೆಟ್‌ಗಳನ್ನು ಟಾರ್ಪಲ್ ಮೇಲೆ ಹರಡುತ್ತೇನೆ. ಬಿಸಿಲು ಇಳಿಯುವ ಮೊದಲೇ ತುಂಬಬೇಕು, ಅಂಗಳದ ಅಡಿಕೆಯನ್ನು ಸಂಜೆಗೆ ಬಿಡದೆ ಮುಚ್ಚುವುದೂ ಇದಕ್ಕೇ ತಾನೇ. ದಪ್ಪ ಪ್ಲಾಸ್ಟಿಕ್ ಕವರಿಗೆ 2 ಕೆಜಿಯಂತೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ ಮಡಚಿ ರಬ್ಬರ್ ಕಟ್ಟುತ್ತೇನೆ. ಅಡಿಕೆ ಚೀಲದ ಒಳಗೆ ಹಾಕುವ ಕವರ್ ಇದಕ್ಕೆ ಬಹಳ ಚೆನ್ನ. ಈ ಕಟ್ಟುಗಳೆಲ್ಲ ಕಬ್ಬಿಣದ ರಿಂಗ್ ಬಿಗಿಯುವ ನೀಲಿ ಡ್ರಮ್ಮಿನೊಳಗೆ ಹೋಗುತ್ತವೆ. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಬಿರುಕು ಬಿಟ್ಟಿದೆಯಾ ಅಂತ ನೋಡಿಕೊಳ್ಳಿ, ಅದು ಹೋದರೆ ಡ್ರಮ್ ಇದ್ದೂ ಇಲ್ಲದ ಹಾಗೆ.

ಯಾಕೆ ಸಣ್ಣ ಕಟ್ಟು ಅಂದರೆ, ಒಂದು ಸಂಜೆಯ ಅಡುಗೆಗೆ ಒಂದು ಕಟ್ಟು. ಜುಲೈನಲ್ಲಿ ಡ್ರಮ್ ತೆರೆದಾಗಲೆಲ್ಲ ಒಳಗೆ ಹೋಗುವುದು ಒದ್ದೆ ಗಾಳಿಯೇ. ಕಟ್ಟಿದ್ದರೆ ಉಳಿದದ್ದಕ್ಕೆ ಅದು ತಾಗುವುದಿಲ್ಲ. ಡ್ರಮ್ಮನ್ನು ನೆಲಕ್ಕೆ ತಾಗಿಸದೆ ನಾಲ್ಕು ಅಡಿಕೆ ದಬ್ಬೆ ಮೇಲೆ ಇಡಿ, ಗೋಡೆಯಿಂದ ಒಂದು ಗೇಣು ದೂರ. ಖಾಲಿ ಎಣ್ಣೆ ಡಬ್ಬ ನಾನು ಬಳಸುವುದಿಲ್ಲ. ಮುಚ್ಚಳ ಬಿಗಿ ಕೂರುವುದಿಲ್ಲ, ಒಂದು ಮಳೆಗಾಲಕ್ಕೆ ತುಕ್ಕು.

ಈಗ ಅಟ್ಟ. ಸಾಗರದ ತಮ್ಮ ಹೇಳಿದ ಜಾಗ ಬೆಚ್ಚಗಿರುವುದು ನಿಜ. ಆದರೆ ದಯವಿಟ್ಟು ಒಲೆಯ ನೇರ ಮೇಲೆ ಇದ್ದಿಲು ಇಡಬೇಡಿ. ಬಚ್ಚಲೊಲೆಯಿಂದ ಕಿಡಿ ಹಾರುತ್ತದೆ. ಇದ್ದಿಲಿಗೆ ತಾಗಿದರೆ ಉರಿ ಕಾಣದೆ ಒಳಗೊಳಗೇ ಕೆಂಡವಾಗುತ್ತಾ ಹೋಗುತ್ತದೆ, ನಮಗೆ ಗೊತ್ತಾಗುವಷ್ಟರಲ್ಲಿ ಅಟ್ಟದ ಹಲಗೆ ಹಿಡಿದಿರುತ್ತದೆ. ಒಲೆಯ ಗೋಡೆಯ ಆಚೆ ಬದಿಯ ಕೋಣೆ ಇದ್ದರೆ ಅದು ಒಳ್ಳೆಯದು.

ನಿಮ್ಮ ಹಾಳಾದ ಪೆಟ್ಟಿಗೆಯನ್ನು ಬಿಸಾಡಬೇಡಿ. ಗಟ್ಟಿಯಿರುವುದನ್ನು ಆರಿಸಿ. ಎರಡನ್ನು ಒಂದಕ್ಕೊಂದು ತಟ್ಟಿ ನೋಡಿ, ಒಣಗಿದ್ದು ಟಣ್ ಅನ್ನುತ್ತದೆ, ಥಂಡಿ ಹಿಡಿದದ್ದು ಮಂಕು ಸದ್ದು. ಬಿಸಿಲಿಗೆ ಕಾಯುತ್ತಾ ಕೂತರೆ ಆಗಸ್ಟ್ ಕಳೆದುಹೋಗುತ್ತದೆ. ಅವತ್ತಿಗೆ ಬೇಕಾದಷ್ಟನ್ನು ಮಾತ್ರ ತಟ್ಟೆಯಲ್ಲಿ ಹರಡಿ, ಒಲೆಯಿಂದ ಮೂರು ನಾಲ್ಕು ಅಡಿ ದೂರ, ನೀವು ಅಲ್ಲೇ ಇರುವಾಗ ಇಡಿ. ಹಚ್ಚುವಾಗ ಅಡಿಗೆ ಒಣ ಗರಟೆ ಚೂರು ಹಾಕಿ. ಹೊಗೆ ಪೂರ್ತಿ ನಿಂತು ಮೇಲೆ ಬಿಳಿ ಬೂದಿ ಕಾಣುವ ತನಕ ಕೋಳಿ ಇಡಬೇಡಿ. ಸೀಮೆಎಣ್ಣೆ ಬೇಡವೇ ಬೇಡ, ವಾಸನೆ ಮಾಂಸಕ್ಕೆ ಹತ್ತುತ್ತದೆ. ಪುಡಿಯಾದದ್ದನ್ನು ಸ್ವಲ್ಪ ಸ್ವಲ್ಪವೇ ಬಚ್ಚಲೊಲೆಗೆ ಹಾಕಿ ಮುಗಿಸಿ.

ತುಂಗೆಯಾಚೆ

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಸೇರಿಸಿ ಔಷಧಿ ಕಲಸುವ ಹಳೇ ಡ್ರಮ್ ಇದೆ, ತೊಳೆದು ಬಳಸಲಾ? ಒಳಗೆ ತೇವ ಎಳೆಯಲು ಸುಟ್ಟ ಸುಣ್ಣದ ಕಲ್ಲು ಹಾಕಿದರೆ? ಇನ್ನೊಂದು, ಮಳೆ ಜೋರಾದರೆ ಗ್ರಿಲ್ ಜಗಲಿಯಲ್ಲೇ ಇಟ್ಟುಕೊಳ್ಳಬಹುದಾ?

ನಗರದ ಅಕ್ಕ

ಆ ಡ್ರಮ್ ಬೇಡ. ಮೈಲುತುತ್ತ ಕಲಸಿದ್ದರಲ್ಲಿ ಊಟದ ಇದ್ದಿಲು ಇಡುವುದು ಸರಿಯಲ್ಲ, ಬೇರೆ ವಿಷದ ಔಷಧಿಯ ಕ್ಯಾನ್ ಅಂತೂ ಮುಟ್ಟಲೇಬೇಡಿ.

ಸುಣ್ಣದ ಕಲ್ಲು ತೇವ ಎಳೆಯುವುದು ಹೌದು. ಆದರೆ ನೀರು ತಾಗಿದರೆ ಅದು ಎಷ್ಟು ಕಾಯುತ್ತದೆ ಅಂತ ಔಷಧಿ ಕಲಸುವ ನಿಮಗೆ ಗೊತ್ತೇ ಇದೆ. ಅದನ್ನು ಇದ್ದಿಲಿನ ಜೊತೆ ಮುಚ್ಚಿಡುವುದು ನನಗೆ ಧೈರ್ಯವಿಲ್ಲ. ಬೇಕಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಜಗಲಿ ಮೂರು ಕಡೆ ತೆರೆದಿದ್ದರೆ ಸರಿ. ಎರಚಲಿಗೆ ಟಾರ್ಪಲ್ ಇಳಿಬಿಟ್ಟಿದ್ದರೆ ಖಂಡಿತ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ನಿಂತ ಮೇಲೂ ಅದು ಬರುತ್ತಲೇ ಇರುತ್ತದೆ. ಚಳಿ ಅಂತ ಉಳಿದ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವುದೂ ಬೇಡ, ಮಕ್ಕಳಿರುವ ಮನೆಯಲ್ಲಿ ಇದನ್ನು ಎಲ್ಲರಿಗೂ ಹೇಳಿಡಿ.

ಉಳಿದ ಕೆಂಡಕ್ಕೆ ಗ್ರಿಲ್‌ನ ಮುಚ್ಚಳ, ಗಾಳಿಕಿಂಡಿ ಎರಡೂ ಮುಚ್ಚಿ ಆರಿಸಿ, ನೀರು ಹಾಕಬೇಡಿ. ಮರುದಿನ ಸಂಜೆಯ ತನಕ ಅಲ್ಲೇ ಬಿಡಿ, ಬೂದಿಯ ಒಳಗೆ ಜೀವ ಇರುತ್ತದೆ. ಆರಿದ ತುಂಡುಗಳನ್ನು ಡ್ರಮ್ಮಿಗೆ ಸೇರಿಸದೆ ಬೇರೆ ಡಬ್ಬಿಯಲ್ಲಿಟ್ಟು ಮುಂದಿನ ಸಲ ಹೊಸದರ ಜೊತೆ ಬಳಸಿ. ಬೂದಿ ಕೊಡವಿಯೇ ಇಡಿ, ಬೂದಿಯೂ ತೇವ ಎಳೆಯುತ್ತದೆ.